ಹನ್ನೆರಡನೇ ತಾರೀಖು ಹನ್ನೊಂದಾಗುವ ಬಗೆ

ಜಾತಕ ಬರೆಯುವವರು ಮೂರು ಸಂಗತಿ ಕೇಳುತ್ತಾರೆ: ಹುಟ್ಟಿದ ದಿನ, ಹುಟ್ಟಿದ ವೇಳೆ, ಹುಟ್ಟಿದ ಊರು. ಊರು ಹೇಳದೆ ವೇಳೆಯನ್ನಷ್ಟೇ ಹೇಳಿದರೆ ಅವರು ಬರೆಯಲು ಕೂರುವುದಿಲ್ಲ. ಶಾಲೆಗೆ ಸೇರಿಸುವ ಅರ್ಜಿಗೆ ಇಷ್ಟೆಲ್ಲ ಬೇಡ, ತಾರೀಖೊಂದಿದ್ದರೆ ಸಾಕು. ಮಗು ಬೆಳಗಿನ ಜಾವ ಹುಟ್ಟಿತೋ ಮಟಮಟ ಮಧ್ಯಾಹ್ನ ಹುಟ್ಟಿತೋ, ಸಿರ್ಸಿಯಲ್ಲೋ ಸಿಂಗಪುರದಲ್ಲೋ, ಶಾಲೆಯ ರಿಜಿಸ್ಟರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಜಾತಕಕ್ಕೆ ಬೇಕಾದದ್ದು ಒಂದು ಕ್ಷಣ, ಅರ್ಜಿಗೆ ಬೇಕಾದದ್ದು ಒಂದು ದಿನ. ಕಂಪ್ಯೂಟರಿಗೆ ತಾರೀಖುಗಳನ್ನು ಒಪ್ಪಿಸುವ ಕೆಲಸದಲ್ಲೇ ನಾನು ಬಹಳ ವರ್ಷ ಕಳೆದಿದ್ದೇನೆ. ಅಲ್ಲಿ ಕಂಡ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಬಂದವು.

ಸಿಬ್ಬಂದಿಯ ಸಂಬಳ, ನಿವೃತ್ತಿಗಳ ಲೆಕ್ಕ ಇಡುವ ಒಂದು ಸಾಫ್ಟ್‌ವೇರ್ ನಮ್ಮ ಕೈಯಲ್ಲಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಒಂದು ಸಂಜೆ ನನ್ನ ಮೇಜಿನ ಹತ್ತಿರ ಬಂದ.

"ಮೇಡಂ, ಫಾರ್ಮಲ್ಲಿ ಜೂನ್ ಹನ್ನೆರಡು ಅಂತ ತುಂಬಿದ್ರೆ ಟೇಬಲ್‌ನಲ್ಲಿ ಹನ್ನೊಂದು ಕೂತಿರುತ್ತೆ. ಎಲ್ರದ್ದೂ ಒಂದೊಂದು ದಿನ ಹಿಂದೆ ಹೋಗಿದೆ."

"ಬ್ರೌಸರಿಂದ ಹೊರಡುವಾಗ ಏನಿತ್ತು, ನೋಡಿದೆಯೇನಪ್ಪ?"

"ಹನ್ನೊಂದನೇ ತಾರೀಖು, ಹದಿನೆಂಟು ಮೂವತ್ತು ಅಂತ ಇತ್ತು ಮೇಡಂ."

ಹದಿನೆಂಟು ಮೂವತ್ತು ಎಂಬ ಅಂಕಿ ಕಿವಿಗೆ ಬಿದ್ದ ಮೇಲೆ ಈ ದೇಶದ ಯಾವ ಪ್ರೋಗ್ರಾಮರಿಗೂ ಹೆಚ್ಚು ಹುಡುಕುವ ಕೆಲಸವಿರುವುದಿಲ್ಲ. ನಮ್ಮ ಗಡಿಯಾರ ವಿಶ್ವ ಸಮಯಕ್ಕಿಂತ, ಅಂದರೆ ಯುಟಿಸಿಗಿಂತ, ಐದೂವರೆ ಗಂಟೆ ಮುಂದಿದೆ. ಇಲ್ಲಿ ನಡುರಾತ್ರಿ ಹನ್ನೆರಡು ಹೊಡೆದಾಗ ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ ಆರೂವರೆ. ಜಾವಾಸ್ಕ್ರಿಪ್ಟಿನ ಡೇಟ್ ಎಂಬ ವಸ್ತು ಹೆಸರಿಗೆ ದಿನಾಂಕವಾದರೂ ಒಳಗೆ ಕ್ಷಣವೇ. ಅದಕ್ಕೆ 1990ರ ಜೂನ್ 12 ಎಂದು ವರ್ಷ, ತಿಂಗಳು, ದಿನ ಕೊಟ್ಟರೆ, ನಾವು ಹೇಳದೇ ಇದ್ದ ಗಂಟೆಯನ್ನು ಅದೇ ಸೇರಿಸಿಕೊಂಡು ಆ ದಿನದ ಭಾರತೀಯ ನಡುರಾತ್ರಿ ಎಂದು ತಿಳಿಯುತ್ತದೆ. ಸರ್ವರಿಗೆ ಕಳಿಸಲು ಅದನ್ನು ಐಎಸ್‌ಒ ರೂಪದ ಅಕ್ಷರಗಳಾಗಿ ಬದಲಿಸಿದಾಗ ಯುಟಿಸಿಗೆ ಹೋಗಿ ಜೂನ್ 11ರ 18:30 ಆಗುತ್ತದೆ. ಅದರ ಮೊದಲ ಹತ್ತು ಅಕ್ಷರ ಕತ್ತರಿಸಿ 'ಇದೇ ತಾರೀಖು' ಎಂದು ಕಾಲಮಿನಲ್ಲಿ ಇಟ್ಟರೆ ಮುಗಿಯಿತು, ಒಬ್ಬ ಮನುಷ್ಯ ಒಂದು ದಿನ ಮೊದಲೇ ಹುಟ್ಟಿಬಿಟ್ಟ. ಇಷ್ಟರಲ್ಲಿ ಯಾವ ಸಾಲೂ ತಪ್ಪೆಂದು ಕೂಗಿಕೊಳ್ಳುವುದಿಲ್ಲ, ಪರದೆಯ ಮೇಲೆ ಕೆಂಪು ಅಕ್ಷರ ಮೂಡುವುದಿಲ್ಲ.

ಇದೇ ಕೋಡನ್ನು ನ್ಯೂಯಾರ್ಕಿನಲ್ಲಿ ಕೂತು ಪರೀಕ್ಷೆ ಮಾಡಿದವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಅಲ್ಲಿಯ ನಡುರಾತ್ರಿ ಯುಟಿಸಿಯಲ್ಲಿ ಅದೇ ದಿನದ ಬೆಳಗಿನ ನಾಲ್ಕೋ ಐದೋ ಗಂಟೆ, ಆದ್ದರಿಂದ ತಾರೀಖು ಜಾರುವುದಿಲ್ಲ. ಅವರಿಗೆ ಪೆಟ್ಟು ಬೀಳುವುದು ಓದುವಾಗ. ಡೇಟಾಬೇಸಿನಿಂದ ಬಂದ 1990-06-12 ಎಂಬ ಬರಿಯ ತಾರೀಖನ್ನು ಜಾವಾಸ್ಕ್ರಿಪ್ಟು ಯುಟಿಸಿಯ ನಡುರಾತ್ರಿ ಎಂದು ಓದುತ್ತದೆ; ನ್ಯೂಯಾರ್ಕಿನ ಗಡಿಯಾರದಲ್ಲಿ ಅದು ಹನ್ನೊಂದರ ರಾತ್ರಿ ಎಂಟು ಗಂಟೆ. ನಮ್ಮಲ್ಲಿ ಅದೇ ಬೆಳಗಿನ ಐದೂವರೆಯಾದ್ದರಿಂದ ತಾರೀಖು ಹನ್ನೆರಡಾಗಿಯೇ ಕಾಣುತ್ತದೆ. ಗ್ರೀನಿಚ್‌ನಿಂದ ಪೂರ್ವಕ್ಕಿರುವವರು ಬರೆಯುವಾಗ ಒಂದು ದಿನ ಕಳೆದುಕೊಳ್ಳುತ್ತೇವೆ, ಪಶ್ಚಿಮಕ್ಕಿರುವವರು ಓದುವಾಗ ಕಳೆದುಕೊಳ್ಳುತ್ತಾರೆ. ಎರಡು ದೇಶಗಳ ತಂಡಗಳು ಒಂದೇ ಸಾಫ್ಟ್‌ವೇರಿನ ಮೇಲೆ ದುಡಿಯುವಾಗ 'ನಮ್ಮಲ್ಲಿ ಸರಿಯಾಗಿಯೇ ಬರುತ್ತಿದೆಯಲ್ಲ' ಎಂಬ ಮಾತು ಹಿಂದಕ್ಕೂ ಮುಂದಕ್ಕೂ ಓಡಾಡಲು ಇದೇ ಕಾರಣ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಒಂದು ದಿನ ತಾನೇ, ಏನಾಯಿತೀಗ ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರದ ನೌಕರರ ನಿವೃತ್ತಿಯ ನಿಯಮವನ್ನು ಅವರ ಮುಂದಿಡಬಯಸುತ್ತೇನೆ. ಮೂಲಭೂತ ನಿಯಮ 56ರ ಪ್ರಕಾರ, ಅರವತ್ತು ತುಂಬುವ ತಿಂಗಳ ಕೊನೆಯ ದಿನ ನೌಕರ ನಿವೃತ್ತನಾಗುತ್ತಾನೆ. ಆದರೆ ಹುಟ್ಟಿದ್ದು ತಿಂಗಳ ಒಂದನೇ ತಾರೀಖಾದರೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಜೂನ್ 2ರಂದು ಹುಟ್ಟಿದವರು ಜೂನ್ 30ರವರೆಗೆ ಕೆಲಸ ಮಾಡುತ್ತಾರೆ, ಜೂನ್ 1ರಂದು ಹುಟ್ಟಿದವರು ಮೇ 31ಕ್ಕೆ ಮನೆಗೆ. ಆ ಹುಡುಗ ತೋರಿಸಿದಂಥ ದೋಷ ಇಂಥ ಕಡೆ ಹೊಕ್ಕರೆ ಎರಡನೇ ತಾರೀಖಿನವರೆಲ್ಲ ಒಂದನೇ ತಾರೀಖಿನವರಾಗುತ್ತಾರೆ, ಐದೂವರೆ ಗಂಟೆಯ ಜಾರು ಒಂದು ತಿಂಗಳ ಸಂಬಳವನ್ನು ನುಂಗುತ್ತದೆ. ಕಚೇರಿಯಿಂದ ಕಚೇರಿಗೆ ಅಲೆದು ಮೂಲ ದಾಖಲೆ ತೋರಿಸಿ ಸರಿಪಡಿಸಿಕೊಳ್ಳಬೇಕಾದವರು ಕೋಡ್ ಬರೆದವರಲ್ಲ, ಅರವತ್ತರ ಹೊಸ್ತಿಲಲ್ಲಿರುವ ಆ ನೌಕರರು. ಇದನ್ನು ನಾನು ತಂಡಕ್ಕೆ ಸೇರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಹುಟ್ಟಿದ ದಿನಕ್ಕೆ ಡೇಟ್ ಎಂಬ ಬರಿಯ ದಿನದ ಕಾಲಂ ಕೊಡಿ, ವರ್ಷ-ತಿಂಗಳು-ದಿನವನ್ನು ಹಾಗೆಯೇ ಕಳಿಸಿ ಹಾಗೆಯೇ ಇಡಿ, ಅದಕ್ಕೆ ಗಂಟೆಯನ್ನು ಅಂಟಿಸಲೇಬೇಡಿ. ಗಂಟೆ ಇಲ್ಲದ ಮೇಲೆ ಜಾರುವುದಕ್ಕೆ ಅಲ್ಲಿ ಏನೂ ಉಳಿಯುವುದಿಲ್ಲ.

ಹಾಗೆಂದು ಕ್ಷಣಗಳೇ ಬೇಡವೆಂದಲ್ಲ. ಹಣ ಸಂದಾಯವಾದದ್ದು, ಲಾಗಿನ್ ಆದದ್ದು, ಆಸ್ಪತ್ರೆಯಲ್ಲಿ ಔಷಧಿ ಕೊಟ್ಟದ್ದು ಇವೆಲ್ಲ ಕ್ಷಣಗಳು. ಅವನ್ನು ಯುಟಿಸಿಯಲ್ಲಿ ಇಡುವುದೇ ಸರಿ. ಎಚ್ಚರ ಬೇಕಾಗುವುದು ಆ ಕ್ಷಣಗಳಿಂದ ಮತ್ತೆ ದಿನವನ್ನು ಹೆಕ್ಕುವಾಗ. ಹಳ್ಳಿಯ ಹಾಲಿನ ಡೈರಿಯನ್ನು ನೆನೆಯಿರಿ. ಬೆಳಗಿನ ಹಾಲು ಕೆಲವೆಡೆ ಐದಕ್ಕೆಲ್ಲ ಬರತೊಡಗುತ್ತದೆ. ಸರ್ವರು ಯುಟಿಸಿಯಲ್ಲಿ ನಡೆಯುತ್ತಿದ್ದು, ವರದಿ ಬರೆದವರು ಆ ಕಾಲಮಿನಿಂದ ನೇರವಾಗಿ ತಾರೀಖು ತೆಗೆದು ಒಟ್ಟು ಹಾಕಿದರೆ, ಐದೂವರೆಗೆ ಮುಂಚೆ ಹಾಕಿದ ಹಾಲು ನಿನ್ನೆಯ ಲೆಕ್ಕಕ್ಕೆ, ಆಮೇಲೆ ಹಾಕಿದ್ದು ಇಂದಿನ ಲೆಕ್ಕಕ್ಕೆ. ಒಂದೇ ಸರತಿಯಲ್ಲಿ ನಿಂತ ಇಬ್ಬರು ಎರಡು ದಿನಗಳಲ್ಲಿ ಹಂಚಿಹೋಗುತ್ತಾರೆ. ತಿಂಗಳ ಕೊನೆಯ ಮೊತ್ತ ಹೆಚ್ಚುಕಡಿಮೆ ಕೂಡಿಬರುವುದರಿಂದ ಇಂಥದ್ದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರಬಲ್ಲದು. ಮೊದಲು ಭಾರತದ ಸಮಯಕ್ಕೆ ತಂದು, ಆಮೇಲೆ ತಾರೀಖು ತೆಗೆಯಬೇಕು. ಈ ಎರಡು ಹೆಜ್ಜೆಗಳ ಕ್ರಮವೇ ಮುಖ್ಯ.

ಇಲ್ಲೊಂದು ಸೊಗಸಾದ ಕಾಕತಾಳೀಯವಿದೆ. ಪಂಚಾಂಗದಲ್ಲಿ ವಾರ ಬದಲಾಗುವುದು ನಡುರಾತ್ರಿಯಲ್ಲಲ್ಲ, ಸೂರ್ಯೋದಯಕ್ಕೆ. ಮಂಗಳವಾರ ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಮಗುವಿಗೆ ಪಂಚಾಂಗದ ಪ್ರಕಾರ ಇನ್ನೂ ಸೋಮವಾರವೇ. ಬೆಂಗಳೂರಿನ ಸೂರ್ಯೋದಯ ವರ್ಷವಿಡೀ ಸುಮಾರು ಐದು ಐವತ್ತರಿಂದ ಆರೂಮುಕ್ಕಾಲರ ನಡುವೆ ಆಡುತ್ತದೆ, ಯುಟಿಸಿಯ ದಿನ ನಮ್ಮಲ್ಲಿ ಬದಲಾಗುವುದು ಐದೂವರೆಗೆ. ಅಂದರೆ ಯುಟಿಸಿಯಲ್ಲಿ ನಡೆಯುವ ಸರ್ವರು ಆ ಮಗುವಿನ ವಾರವನ್ನು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಹಾಗೆಯೇ ಹೇಳುತ್ತದೆ. ಗ್ರೀನಿಚ್ಚಿನ ನಡುರಾತ್ರಿಗೂ ನಮ್ಮ ಮುಂಬೆಳಗಿಗೂ ಇರುವ ಈ ಹೊಂದಿಕೆಯನ್ನು ಯಾರೂ ಉದ್ದೇಶಿಸಿದ್ದಲ್ಲ. ಆದರೂ ಅದನ್ನು ಗಮನಿಸಿದಾಗ ನನಗೆ ತುಂಬಾ ಸಂತೋಷವಾಯಿತು.

ಐದೂವರೆ ಎಂಬ ಅಂಕಿಯೂ ಎಂದೆಂದಿನದೇನಲ್ಲ. ಮಿರ್ಜಾಪುರದ ಹತ್ತಿರ ಹಾಯುವ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶವನ್ನು ಹಿಡಿದು ಈ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಆಮೇಲೂ ಕಲ್ಕತ್ತೆ 1948ರವರೆಗೆ, ಬೊಂಬಾಯಿ 1955ರವರೆಗೆ ತಮ್ಮ ತಮ್ಮ ಸಮಯ ಇಟ್ಟುಕೊಂಡಿದ್ದವು. ಎರಡನೇ ಮಹಾಯುದ್ಧದ ನಡುವೆ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ನಡುವಿನವರೆಗೆ, ಇಡೀ ದೇಶದ ಗಡಿಯಾರವನ್ನು ಇನ್ನೊಂದು ಗಂಟೆ ಮುಂದಕ್ಕೆ ತಿರುಗಿಸಿ ಆರೂವರೆ ಮಾಡಲಾಗಿತ್ತು. 1943ರಲ್ಲಿ ಹುಟ್ಟಿದವರ ಜಾತಕ ಗುಣಿಸುವಾಗ ಬಲ್ಲ ಜೋಯಿಸರು ಒಂದು ಗಂಟೆ ಕಳೆದುಕೊಳ್ಳುವುದು ಇದಕ್ಕಾಗಿಯೇ. ಇವೆಲ್ಲವನ್ನೂ ಒಂದು ಕಡೆ ಕೂಡಿಸಿಟ್ಟ ದಾಖಲೆಯೊಂದಿದೆ, ಟಿಝಡ್ ಡೇಟಾಬೇಸ್ ಎಂದು ಅದರ ಹೆಸರು. ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿ, ಪಾಲ್ ಎಗರ್ಟ್ ನೋಡಿಕೊಳ್ಳುತ್ತ ಬಂದ, ಲೋಕದ ಎಲ್ಲ ಗಡಿಯಾರಗಳ ಚರಿತ್ರೆ ಅದು. ನಮ್ಮ ಜೇಬಿನ ಫೋನು ಕೂಡ ಅದನ್ನೇ ನಂಬಿದೆ. ನಮ್ಮ ಯುದ್ಧಕಾಲದ ಆ ಒಂದು ಗಂಟೆಯೂ ಅದರಲ್ಲಿ ಭದ್ರವಾಗಿದೆ. ಅಲ್ಲಿ ನಮ್ಮ ದೇಶದ ಸಮಯದ ಹೆಸರು ಏಷ್ಯಾ/ಕೋಲ್ಕತಾ. 2008ರವರೆಗೆ ಏಷ್ಯಾ/ಕಲ್ಕತ್ತಾ ಎಂದಿತ್ತು, ಕೆಲವು ಬ್ರೌಸರುಗಳು ಈಗಲೂ ಹಳೆಯ ಹೆಸರನ್ನೇ ಹೇಳುತ್ತವೆ. ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವಾಗ 'ಪ್ಲಸ್ ಐದೂವರೆ' ಎಂದು ಕೈಯಿಂದ ಕೂಡಿಸಿದವರು ಆ ಮೂರು ವರ್ಷಗಳಲ್ಲಿ ತಪ್ಪುತ್ತಾರೆ, ಸಮಯವಲಯದ ಹೆಸರನ್ನು ಬಳಸಿದವರು ತಪ್ಪುವುದಿಲ್ಲ.

ಇನ್ನು ಅಕ್ಷರ ರೂಪದ ಮಾತು. ಕೋಡಿನಲ್ಲಿ ದಿನಾಂಕವನ್ನು ಹೇಗೆ ಬರೆಯಬೇಕೆಂದು ಸೂಚಿಸಲು ಒಂದೊಂದು ಭಾಷೆಗೂ ಒಂದೊಂದು ಸಂಕೇತ. ಜಾವಾದಲ್ಲಿ ದೊಡ್ಡ ಎಂ ತಿಂಗಳು, ಸಣ್ಣ ಎಂ ನಿಮಿಷ. ಪೈಥಾನಿನಲ್ಲಿ ಸರಿಯಾಗಿ ತಿರುಗಾಮುರುಗಾ. ಮೈಎಸ್‌ಕ್ಯೂಎಲ್‌ನಲ್ಲಿ ನಿಮಿಷಕ್ಕೆ ಐ ಅಕ್ಷರ, ಒರಾಕಲ್‌ನಲ್ಲಿ ಎಂಐ. ಗೋ ಭಾಷೆಯವರು ಅಕ್ಷರಗಳ ಗೊಡವೆಯನ್ನೇ ಬಿಟ್ಟು, 2006ರ ಜನವರಿ 2ರ ಮಧ್ಯಾಹ್ನ 3 ಗಂಟೆ 4 ನಿಮಿಷ 5 ಸೆಕೆಂಡು ಎಂಬ ಒಂದು ಗೊತ್ತಾದ ಕ್ಷಣವನ್ನೇ ಮಾದರಿಯಾಗಿ ಬರೆದು ತೋರಿಸಿ ಎನ್ನುತ್ತಾರೆ. ಅಮೆರಿಕದ ಕ್ರಮದಲ್ಲಿ ತಿಂಗಳು ಒಂದು, ದಿನ ಎರಡು, ಗಂಟೆ ಮೂರು, ನಿಮಿಷ ನಾಲ್ಕು, ಸೆಕೆಂಡು ಐದು, ವರ್ಷ ಆರು. ಇದು ಜಾಣತನದ ಉಪಾಯವೆಂದು ಒಪ್ಪುತ್ತೇನೆ, ಕಲಿಯುವವರಿಗೆ ಸುಲಭವೆಂದು ಮಾತ್ರ ಒಪ್ಪಲಾರೆ.

ಇವುಗಳಲ್ಲೆಲ್ಲ ಅಪಾಯದ್ದೆಂದರೆ ಜಾವಾದ ದೊಡ್ಡ ವೈ. ನಾಲ್ಕು ಸಣ್ಣ ವೈ ಬರೆದರೆ ನಾವು ಬಲ್ಲ ವರ್ಷ ಬರುತ್ತದೆ. ನಾಲ್ಕು ದೊಡ್ಡ ವೈ ಬರೆದರೆ ಬರುವುದು ವಾರಗಳ ಲೆಕ್ಕದ ವರ್ಷ, ಅಂದರೆ ಆ ದಿನ ಇರುವ ವಾರ ಯಾವ ವರ್ಷಕ್ಕೆ ಸೇರಿದ್ದೋ ಆ ವರ್ಷ. ಹೆಚ್ಚುಕಡಿಮೆ ವರ್ಷವಿಡೀ ಎರಡೂ ಒಂದೇ. 2024ರ ಡಿಸೆಂಬರ್ 31 ಮಂಗಳವಾರವಾಗಿತ್ತು, ಆ ವಾರ 2025ರ ಮೊದಲ ವಾರಕ್ಕೆ ಸೇರಿದ್ದು. ದೊಡ್ಡ ವೈ ಬಳಸಿದ ಕೋಡು ಆ ದಿನವನ್ನು 2025ರ ಡಿಸೆಂಬರ್ 31 ಎಂದು ಬರೆಯುತ್ತದೆ, ಇಡೀ ಒಂದು ವರ್ಷ ಮುಂದೆ. ಜನವರಿಯಲ್ಲಿ ಬರೆದು, ಫೆಬ್ರವರಿಯಲ್ಲಿ ಪರೀಕ್ಷಿಸಿ, ಮಾರ್ಚಿನಲ್ಲಿ ಬಳಕೆಗೆ ಕೊಟ್ಟ ಕೋಡು ಡಿಸೆಂಬರಿನ ಕೊನೆಯ ಎರಡು ಮೂರು ದಿನಗಳಲ್ಲಿ, ಅರ್ಧ ಕಚೇರಿ ರಜೆಯಲ್ಲಿರುವಾಗ ಕೆಡುತ್ತದೆ. ಆಮೇಲೆ ಹೊಸ ವರ್ಷ ಬಂದು ತಾನಾಗಿ ಸರಿಯಾಗುತ್ತದೆ. ಕೆಟ್ಟು ಕೂತ ಸಾಲುಗಳು ಮಾತ್ರ ಟೇಬಲಿನಲ್ಲಿ ಹಾಗೆಯೇ ಇರುತ್ತವೆ.

ದಿನ ಮೊದಲೋ ತಿಂಗಳು ಮೊದಲೋ ಎಂಬ ಜಗಳ ಎಲ್ಲರಿಗೂ ಗೊತ್ತಿದ್ದದ್ದೇ. ನಮಗೆ 03/04 ಏಪ್ರಿಲ್ ಮೂರು, ಅಮೆರಿಕದವರಿಗೆ ಮಾರ್ಚ್ ನಾಲ್ಕು. ಹದಿಮೂರರಿಂದಾಚೆಯ ತಾರೀಖು ಬಂದಾಗ ಹದಿಮೂರನೇ ತಿಂಗಳಿಲ್ಲವೆಂದು ಡೇಟಾಬೇಸು ತಿರಸ್ಕರಿಸುತ್ತದೆ, ಅದು ಒಳ್ಳೆಯದು. ಹನ್ನೆರಡರವರೆಗಿನ ತಾರೀಖುಗಳಲ್ಲಿ ದಿನವೂ ತಿಂಗಳೂ ಒಂದೇ ಆಗಿರುವ ಹನ್ನೆರಡನ್ನು ಬಿಟ್ಟರೆ ವರ್ಷಕ್ಕೆ 132 ದಿನ ಉಳಿಯುತ್ತವೆ. ಅಷ್ಟೂ ದಿನ ತಪ್ಪು ತಾರೀಖು ಸದ್ದಿಲ್ಲದೆ ಒಳಗೆ ಹೋಗುತ್ತದೆ. ಇದಕ್ಕೆ ಮದ್ದಾಗಿ 1988ರಲ್ಲಿ ಐಎಸ್‌ಒ 8601 ಎಂಬ ಮಾನಕ ಬಂತು. ವರ್ಷ ನಾಲ್ಕಂಕಿ, ಆಮೇಲೆ ತಿಂಗಳು, ಆಮೇಲೆ ದಿನ, ಆಮೇಲೆ ಗಂಟೆ, ನಿಮಿಷ, ಸೆಕೆಂಡು, ದೊಡ್ಡದರಿಂದ ಚಿಕ್ಕದಕ್ಕೆ. ಹೀಗೆ ಬರೆದವನ್ನು ಬರಿಯ ಅಕ್ಷರಗಳಂತೆ ಅಕಾರಾದಿಯಾಗಿ ಜೋಡಿಸಿದರೂ ಕಾಲಕ್ರಮದಲ್ಲೇ ನಿಲ್ಲುತ್ತವೆ. ನಮ್ಮ ರೂಢಿಯಂತೆ ದಿನ ಮೊದಲಿಟ್ಟು ಅಕ್ಷರಗಳ ಕಾಲಮಿನಲ್ಲಿ ತುಂಬಿದ ಟೇಬಲುಗಳನ್ನು ನೋಡಿದ್ದೇನೆ. ಜೋಡಿಸಿದಾಗ ಎಲ್ಲ ವರ್ಷಗಳ ಎಲ್ಲ ತಿಂಗಳುಗಳ ಒಂದನೇ ತಾರೀಖುಗಳು ಒಟ್ಟಿಗೆ ಬಂದು ಕೂರುತ್ತವೆ, ಅವುಗಳ ಹಿಂದೆ ಎರಡನೇ ತಾರೀಖುಗಳು.

ಆದರೆ ಐಎಸ್‌ಒ ರೂಪದಲ್ಲಿ ಬರೆದೆ, ಇನ್ನು ಚಿಂತೆಯಿಲ್ಲ ಎಂದು ಕೂರುವಂತಿಲ್ಲ. ಎಸ್‌ಕ್ಯೂಎಲ್ ಸರ್ವರಿನ ಹಳೆಯ ಡೇಟ್‌ಟೈಮ್ ಕಾಲಮಿಗೆ, ಭಾಷೆಯನ್ನು ಬ್ರಿಟಿಷ್ ಇಂಗ್ಲಿಷ್ ಎಂದು ಇಟ್ಟಿರುವಾಗ, 2024-06-12 ಎಂದು ಕೊಟ್ಟರೆ ಅದು ಡಿಸೆಂಬರ್ 6 ಎಂದು ಓದಿಕೊಳ್ಳುತ್ತದೆ. ಅಡ್ಡಗೆರೆಗಳನ್ನು ಕಿತ್ತು ಎಂಟಂಕಿಯನ್ನು ಒಟ್ಟಿಗೆ ಬರೆದರೆ ಸರಿಯಾಗಿ ಓದುತ್ತದೆ. ಅದೇ ಕಾಲಮಿನ ಇನ್ನೊಂದು ಗುಣ: ಅದರ ನಿಖರತೆ ಸೆಕೆಂಡಿನ ಮುನ್ನೂರನೇ ಒಂದು ಭಾಗ. ದಿನದ ಕೊನೆಯ ಕ್ಷಣವೆಂದು 23:59:59.999 ಬರೆದರೆ ಅದು ಸುತ್ತಿ ಮರುದಿನದ ಸೊನ್ನೆ ಗಂಟೆಯಾಗುತ್ತದೆ, ನಾಳೆಯ ಮೊದಲ ವ್ಯವಹಾರ ಇಂದಿನ ವರದಿಯಲ್ಲಿ ಬಂದು ಸೇರುತ್ತದೆ. ದಿನದ ಕೊನೆಯನ್ನು ಹುಡುಕುವ ಹಟವನ್ನೇ ಬಿಡಬೇಕು. ಇಂದಿನ ಆರಂಭದಿಂದ ನಾಳೆಯ ಆರಂಭಕ್ಕೆ ಮುಂಚಿನವರೆಗೆ ಎಂದು ಕೇಳಿದರೆ ಯಾವ ನಿಖರತೆಯಲ್ಲೂ ಲೆಕ್ಕ ಸರಿಯಾಗುತ್ತದೆ.

ಈ ಅನುಭವಗಳಿಂದ ನಾನು ಮುಟ್ಟಿದ ಅಭಿಪ್ರಾಯವೊಂದಿದೆ, ಹೊಸಬರಿಗೆ ಇದು ವಿಚಿತ್ರವೆನಿಸಬಹುದು: ಡೇಟಾಬೇಸಿಗೆ ಕೊಡುವಾಗ ದಿನಾಂಕವನ್ನು ಅಕ್ಷರಗಳಾಗಿ ಬದಲಿಸಲೇ ಬೇಡಿ. ಪ್ರಶ್ನೆಯ ವಾಕ್ಯದಲ್ಲಿ ಒಂದು ಜಾಗ ಖಾಲಿ ಬಿಟ್ಟು, ದಿನಾಂಕದ ವಸ್ತುವನ್ನೇ ಪ್ಯಾರಾಮೀಟರಾಗಿ ಕೈಗೆ ಕೊಡಿ. ಕಾಲಮಿನ ಬಗೆ ಯಾವುದು, ಅದಕ್ಕೆ ಯಾವ ರೂಪ ಹೊಂದುತ್ತದೆ ಎಂಬುದು ಡ್ರೈವರಿಗೆ ಗೊತ್ತು. ಹೊರಗಿನವರು ವಾಕ್ಯದೊಳಗೆ ತಮ್ಮ ಆಜ್ಞೆ ತೂರಿಸುವ ದಾರಿಯೂ ಅದರಿಂದ ಮುಚ್ಚುತ್ತದೆ. ದಿನಾಂಕದ ರೂಪ ಮನುಷ್ಯರ ಕಣ್ಣಿಗಾಗಿ ಇರುವುದು. ಬೆಂಗಳೂರಿನ ಓದುಗರಿಗೆ '12 ಜೂನ್ 1990' ಎಂದು, ಡೆಟ್ರಾಯಿಟ್‌ನಲ್ಲಿರುವವರಿಗೆ ಅವರ ಕ್ರಮದಲ್ಲಿ, ಪರದೆಗೆ ಬರುವ ಕೊನೆಯ ಗಳಿಗೆಯಲ್ಲಿ ಆ ರೂಪ ಕೊಟ್ಟರಾಯಿತು. ಕಡತ, ಸಂದೇಶ, ಬೇರೆ ಸಂಸ್ಥೆಯ ಸರ್ವರು ಹೀಗೆ ಅಕ್ಷರಗಳಾಗಿಯೇ ಹೋಗಬೇಕಾದ ಕಡೆ ಮಾತ್ರ ಐಎಸ್‌ಒ ರೂಪ; ಕ್ಷಣವಾದರೆ ಯುಟಿಸಿಯಿಂದ ಎಷ್ಟು ದೂರವೆಂಬುದನ್ನು ಕೊನೆಯಲ್ಲಿ ಸೇರಿಸಿ, ದಿನವಾದರೆ ಬರಿಯ ದಿನ.

ವರ್ಷಕ್ಕೆ ಎರಡಂಕಿ ಸಾಕೆಂಬ ಅಭ್ಯಾಸದ ಬಗ್ಗೆ ನನಗೆ ಗಟ್ಟಿಯಾದ ವಿರೋಧವಿದೆ. ಎಂಬತ್ತು ಕಾಲಮಿನ ತೂತಿನ ಕಾರ್ಡುಗಳ ಕಾಲದಲ್ಲಿ ಎರಡು ಕಾಲಂ ಉಳಿಸುವುದಕ್ಕೆ ಅರ್ಥವಿತ್ತು. ಅದರ ಸಾಲ ತೀರಿಸಿದ್ದು ಶತಮಾನದ ಕೊನೆಯಲ್ಲಿ, ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ವೈಟುಕೆ ಎಂದು ಕರೆದ ಆ ಕೆಲಸಕ್ಕಾಗಿ ನಮ್ಮ ಊರುಗಳ ಸಾವಿರಾರು ಹುಡುಗ ಹುಡುಗಿಯರು ಕೊಬಾಲ್ ಕಲಿತು, ಬೇರೆ ದೇಶಗಳ ಬ್ಯಾಂಕು ವಿಮಾ ಕಂಪನಿಗಳ ಹಳೆಯ ಕೋಡನ್ನು ಸಾಲು ಸಾಲಾಗಿ ಓದಿ ಎರಡಂಕಿಯನ್ನು ನಾಲ್ಕಾಗಿಸಿದರು. 2000 ಇಸವಿ ಸದ್ದಿಲ್ಲದೆ ಕಳೆದದ್ದನ್ನು ನೋಡಿ ಎಲ್ಲ ಸುಳ್ಳು ಭಯವೆಂದವರುಂಟು. ಆ ಕೆಲಸವನ್ನು ಹತ್ತಿರದಿಂದ ನೋಡಿದ ನಾನು ಆ ಮಾತನ್ನು ಒಪ್ಪುವುದಿಲ್ಲ. ಸದ್ದಿಲ್ಲದೆ ಕಳೆದದ್ದು ಆ ದುಡಿಮೆಯ ಫಲ.

ಎರಡಂಕಿ ಮಾತ್ರ ಇಂದಿಗೂ ಫಾರ್ಮುಗಳಲ್ಲಿ ಉಳಿದಿದೆ. '60' ಎಂದು ಬರೆದ ವರ್ಷವನ್ನು ಒರಾಕಲ್ ತನ್ನ ಆರ್‌ಆರ್ ಕ್ರಮದಲ್ಲಿ 1960 ಎಂದು ಓದುತ್ತದೆ, ಪೈಥಾನ್ 2060 ಎನ್ನುತ್ತದೆ, ಮೈಎಸ್‌ಕ್ಯೂಎಲ್ ಕೂಡ 2060. '69' ಬರೆದರೆ ಪೈಥಾನ್ ಒರಾಕಲಿನ ಕಡೆ ಬಂದು 1969 ಎನ್ನುತ್ತದೆ, ಮೈಎಸ್‌ಕ್ಯೂಎಲ್ 2069ರಲ್ಲೇ ನಿಲ್ಲುತ್ತದೆ. ಪಿಂಚಣಿಗೆ ಅರ್ಜಿ ಹಾಕಿದ ಹಿರಿಯರು ಇನ್ನೂ ಹುಟ್ಟಿಲ್ಲವೆಂದು ಕಂಪ್ಯೂಟರು ಹೇಳುವುದು ಹೀಗೆ.

ನಮ್ಮ ಸಂವತ್ಸರಗಳಿಗೂ ಇದೇ ತೊಡಕಿತ್ತು. ಅರವತ್ತು ಹೆಸರು ಮುಗಿದ ಮೇಲೆ ಮತ್ತೆ ಪ್ರಭವದಿಂದ ಸುತ್ತು. ವಿಶ್ವಾವಸು ಸಂವತ್ಸರದಲ್ಲಿ ಹುಟ್ಟಿದೆ ಎಂದರೆ 1965ರ ಯುಗಾದಿಯಿಂದಾಚೆಯೂ ಆಗಬಹುದು, 2025ರದ್ದೂ ಆಗಬಹುದು. ಶಾಸನ ಬರೆಸಿದವರು ಅದನ್ನು ಬಲ್ಲವರು. ಸಂವತ್ಸರದ ಜೊತೆಗೆ ಶಕವರ್ಷ, ಮಾಸ, ಪಕ್ಷ, ತಿಥಿ, ವಾರ ಎಲ್ಲವನ್ನೂ ಕೊಡುತ್ತಿದ್ದರು, ಒಂದು ತಪ್ಪಿದ್ದರೆ ಇನ್ನೊಂದು ಅದನ್ನು ಹಿಡಿಯುವಂತೆ. ತಿಥಿ ವಾರಗಳು ಕೂಡಿಬರುತ್ತವೆಯೇ ಎಂದು ಇಂದಿಗೂ ವಿದ್ವಾಂಸರು ಪರೀಕ್ಷಿಸುತ್ತಾರೆ. ಅದಕ್ಕೆಂದೇ ರಾಬರ್ಟ್ ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಕೋಷ್ಟಕಗಳ ದೊಡ್ಡ ಗ್ರಂಥವನ್ನೇ ಮಾಡಿಟ್ಟರು. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಬರೆದ ಶಾಸನ ಇನ್ನೂ ಒಂದು ಹೆಜ್ಜೆ ಮುಂದಿದೆ. ಭಾರತಯುದ್ಧದಿಂದ 3735 ವರ್ಷ, ಶಕ ರಾಜರ ಕಾಲದಿಂದ 556 ವರ್ಷ ಎಂದು ಎರಡು ಬೇರೆ ಮೊದಲುಗಳಿಂದ ಎಣಿಸಿ, ಅಂಕಿಯಲ್ಲಲ್ಲದೆ ಮಾತಿನಲ್ಲೇ ಹೇಳುತ್ತದೆ. ಕ್ರಿ.ಶ. 634-35 ಎಂದು ನಾವಿಂದು ನಿಸ್ಸಂದೇಹವಾಗಿ ಹೇಳಬಲ್ಲೆವು. ಹಲ್ಮಿಡಿ ಶಾಸನ ನಮಗೆ ಎಷ್ಟು ಪ್ರಿಯವಾದರೂ ಅದರಲ್ಲಿ ಕಾಲದ ಉಲ್ಲೇಖವಿಲ್ಲ. ಸುಮಾರು 450 ಎಂದು ಲಿಪಿಯನ್ನೂ ಅರಸರ ಹೆಸರನ್ನೂ ನೋಡಿ ಅಂದಾಜಿಸಬೇಕಾಗಿದೆ, ಆ ಚರ್ಚೆ ಇನ್ನೂ ಮುಗಿದಿಲ್ಲ. ಹೊಸ ಟೇಬಲು ಮಾಡುವಾಗ ಸಾಲು ಹುಟ್ಟಿದ ಸಮಯಕ್ಕೊಂದು ಕಾಲಂ ಇಡಲು ಬೇಸರಪಡುವವರಿಗೆ ನಾನು ಈ ಎರಡು ಶಾಸನಗಳ ಕಥೆ ಹೇಳುತ್ತೇನೆ.

ನಮ್ಮ ತಾಯಿಯ ದಾಖಲೆಯ ಹುಟ್ಟುಹಬ್ಬ ಜೂನ್ 1. ಅವರ ಓರಗೆಯವರಲ್ಲಿ ಬಹಳ ಜನರದ್ದೂ ಅದೇ. ಶಾಲೆ ತೆರೆಯುವ ದಿನ ಮೇಷ್ಟ್ರು ಮಗುವಿನ ಎತ್ತರ ನೋಡಿ, ತಂದೆಯನ್ನು ವಿಚಾರಿಸಿ, ವರ್ಷವೊಂದನ್ನು ಅಂದಾಜು ಮಾಡಿ ಬರೆದುಕೊಂಡ ತಾರೀಖು ಅದು. ಅವರು ಹುಟ್ಟಿದ್ದು ರಾಗಿ ಕೊಯ್ಲಿನ ಹೊತ್ತಿಗೆ ಎಂದು ಅಜ್ಜಿ ಹೇಳುತ್ತಿದ್ದರು. ಮೇಷ್ಟ್ರನ್ನು ದೂರಲಾರೆ; ರಿಜಿಸ್ಟರಿನ ಕಲಂ ತಾರೀಖು ಕೇಳಿತು, ಕೊಟ್ಟರು. ದೂರಬೇಕಾದದ್ದು ಇಂದೂ ಅದೇ ಕಲಂ ಮಾಡುತ್ತಿರುವ ನಮ್ಮಂಥವರನ್ನು. ಡೇಟ್ ಎಂಬ ಕಾಲಂ ವರ್ಷ ಮಾತ್ರ ಗೊತ್ತಿರುವವರಿಂದ ತಿಂಗಳನ್ನೂ ದಿನವನ್ನೂ ಬಲವಂತವಾಗಿ ಹೇಳಿಸುತ್ತದೆ, ಹೇಳದಿದ್ದರೆ ಜನವರಿ 1 ಎಂದು ತಾನೇ ತುಂಬಿಕೊಳ್ಳುವಂತೆ ಯಾರೋ ಬರೆದಿರುತ್ತಾರೆ. ಆಮೇಲೆ ಯಾರು ನಿಜವಾಗಿ ಜನವರಿ 1ರಂದು ಹುಟ್ಟಿದರು, ಯಾರದ್ದು ತುಂಬಿಸಿದ್ದು ಎಂದು ಬೇರ್ಪಡಿಸುವ ದಾರಿ ಇಲ್ಲ. ಆಧಾರ್ ಕಾರ್ಡುಗಳಲ್ಲಿ ಕೆಲವರದಕ್ಕೆ ಹುಟ್ಟಿದ ವರ್ಷವನ್ನಷ್ಟೇ ಅಚ್ಚು ಹಾಕಿದ್ದಾರೆ. ನನಗೆ ಅದು ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. 2019ರ ಐಎಸ್‌ಒ 8601ರ ಎರಡನೇ ಭಾಗದಲ್ಲಿ ಅಂದಾಜು ವರ್ಷಕ್ಕೆ, ಸಂದೇಹದ ವರ್ಷಕ್ಕೆ, ತಿಳಿಯದ ತಿಂಗಳು ದಿನಗಳಿಗೆ ಬೇರೆ ಬೇರೆ ಗುರುತುಗಳನ್ನೇ ಕೊಟ್ಟಿದ್ದಾರೆ. ಡೇಟಾಬೇಸುಗಳ ಡೇಟ್ ಕಾಲಂಗೆ ಅದು ಹಿಡಿಸುವುದಿಲ್ಲ. ಆದ್ದರಿಂದ ನಾವು ತಾರೀಖಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಕಾಲಂ ಇಡುತ್ತೇವೆ. ಈ ತಾರೀಖಿನಲ್ಲಿ ಗೊತ್ತಿರುವುದು ದಿನದವರೆಗೋ, ತಿಂಗಳವರೆಗೋ, ವರ್ಷ ಮಾತ್ರವೋ ಎಂಬುದಕ್ಕೆ. ಅದಕ್ಕೆ ತಗಲುವ ಜಾಗ ಒಂದಕ್ಷರದಷ್ಟು.

ಮುಂದೆ ಬರುವ ದಿನಗಳ ಮಾತು ಬೇರೆ. ನಡೆದುಹೋದದ್ದನ್ನು ಯುಟಿಸಿಯಲ್ಲಿಟ್ಟರೆ ಅದು ಇನ್ನು ಬದಲಾಗುವುದಿಲ್ಲ. ನಡೆಯಬೇಕಾದದ್ದನ್ನು ಹಾಗಿಟ್ಟರೆ ಸರ್ಕಾರಗಳು ಅದನ್ನು ಕೆಡಿಸಬಲ್ಲವು. 2023ರ ಮಾರ್ಚಿನಲ್ಲಿ ಲೆಬನಾನಿನ ಸರ್ಕಾರ ಗಡಿಯಾರ ಮುಂದೆ ತಿರುಗಿಸುವುದನ್ನು ಕೊನೆಯ ಗಳಿಗೆಯಲ್ಲಿ ಮುಂದೂಡಿತು, ಕೆಲವರು ಒಪ್ಪಲಿಲ್ಲ, ಕೆಲವು ದಿನ ಒಂದೇ ದೇಶದಲ್ಲಿ ಎರಡು ಸಮಯ ನಡೆದವು. ಸಮೋವಾದಲ್ಲಿ 2011ರ ಡಿಸೆಂಬರ್ 30 ಎಂಬ ದಿನವೇ ಬರಲಿಲ್ಲ. ಮುಂದಿನ ತಿಂಗಳ ಬೆಳಿಗ್ಗೆ ಹತ್ತರ ಅಪಾಯಿಂಟ್‌ಮೆಂಟನ್ನು ಬೆಳಿಗ್ಗೆ ಹತ್ತು ಎಂದೇ, ಯಾವ ಊರಿನ ಸಮಯವಲಯವೆಂಬ ಹೆಸರಿನೊಡನೆ ಇಡಬೇಕು. ನ್ಯೂಜೆರ್ಸಿಯ ಕನ್ನಡಿಗರ ಮನೆಗಳಲ್ಲಿ ಮಾರ್ಚ್ ಮತ್ತು ನವೆಂಬರಿನಲ್ಲಿ ಊರಿಗೆ ಫೋನು ಮಾಡುವ ಹೊತ್ತು ಒಂದು ಗಂಟೆ ಅತ್ತಿತ್ತ ಆಗುತ್ತದೆ, ಈ ಪಾಠ ಅವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಇನ್ನೊಂದು ಗಡುವು ನಮ್ಮ ಮುಂದೆಯೇ ಇದೆ. ಯುನಿಕ್ಸ್ ಕಾಲ 1970ರ ಜನವರಿ 1ರ ಯುಟಿಸಿ ನಡುರಾತ್ರಿಯಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿದೆ. ಮೂವತ್ತೆರಡು ಬಿಟ್‌ಗಳಲ್ಲಿ ಆ ಎಣಿಕೆ ಮುಟ್ಟಬಲ್ಲ ಕೊನೆಯ ಸಂಖ್ಯೆ 2147483647. ಅದು ತುಂಬುವುದು ನಮ್ಮ ಗಡಿಯಾರದಲ್ಲಿ 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಹೊಸ ಯಂತ್ರಗಳು ಅರವತ್ತನಾಲ್ಕು ಬಿಟ್‌ಗೆ ಹೋಗಿವೆ. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಎಂಬ ಕಾಲಂ ಮಾತ್ರ ಇನ್ನೂ ಆ ಗಡಿಯಲ್ಲೇ ನಿಂತಿದೆ. 2038 ಬರುವವರೆಗೆ ಕಾಯಬಹುದೆಂದು ತಿಳಿಯುವುದು ತಪ್ಪು, ಏಕೆಂದರೆ ಇಂದು ಇಪ್ಪತ್ತು ವರ್ಷಕ್ಕೆ ಗೃಹಸಾಲ ತೆಗೆದುಕೊಂಡವರ ಕೊನೆಯ ಕಂತು ಆ ಗಡಿಯ ಆಚೆಗಿದೆ, ಆ ತಾರೀಖು ಇಂದೇ ಯಾವುದೋ ಟೇಬಲಿನಲ್ಲಿ ಕೂರಬೇಕು. ನಮ್ಮಲ್ಲಿ ಅಂಥ ಕಾಲಂ ಎಲ್ಲೆಲ್ಲಿವೆ ಎಂದು ಹುಡುಕುವ ಕೆಲಸವನ್ನು ಆ ಹುಡುಗನಿಗೇ ಒಪ್ಪಿಸಿದ್ದೇನೆ. ಪಟ್ಟಿಯ ಮೊದಲ ಭಾಗ ಬಂದಿದೆ. ಸಿಬ್ಬಂದಿಗೆ ಕೊಟ್ಟ ಸಾಲದ ಕೊನೆಯ ಕಂತಿನ ದಿನವೂ, ನಿವೃತ್ತಿಯ ದಿನವೂ ಟೈಮ್‌ಸ್ಟ್ಯಾಂಪ್ ಆಗಿಯೇ ಇದ್ದವು. ಎರಡನ್ನೂ ಡೇಟ್ ಮಾಡುತ್ತಿದ್ದೇವೆ, ಈ ವಾರ ಹಳೆಯ ಸಾಲುಗಳನ್ನು ಕಾಗದದ ಕಡತಗಳ ಜೊತೆ ಒಂದೊಂದಾಗಿ ತಾಳೆ ನೋಡುವುದು ನಡೆದಿದೆ.